ಕಲಬುರಗಿಯಲ್ಲಿ ಕೂತು ನಾಲ್ಕು ಭಾಷೆಗೆ ಬರೆಯುವುದು ಹೇಗೆ?

ಕಲಬುರಗಿ ಬಸ್ ನಿಲ್ದಾಣದ ಹತ್ತಿರ ಯಾವುದಾದರೂ ಚಹಾ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಅಂಗಡಿಯವ ಗಿರಾಕಿಗೆ ‘ಬರ್ರಿ, ಕೂಡ್ರಿ’ ಅನ್ನುತ್ತಾನೆ. ಗ್ಲಾಸು ತೊಳೆಯುವ ಹುಡುಗನಿಗೆ ‘ಪಾನಿ ಲಾ ರೇ’ ಅನ್ನುತ್ತಾನೆ. ಸೋಲಾಪುರದ ಲಾರಿಯವ ಬಂದರೆ ಮರಾಠಿ, ಗುರುಮಠಕಲ್ ಕಡೆಯವರು ಬಂದರೆ ತೆಲುಗು. ಇದೊಂದು ವಿದ್ಯೆ ಅಂತ ಅವನಿಗೆ ಅನಿಸಿಯೇ ಇಲ್ಲ. ನಮಗೂ ಅನಿಸಿರಲಿಲ್ಲ. ಬೆಂಗಳೂರಿಗೆ ಹೋದಾಗ ‘ನಿಮ್ಮದು ಖಿಚಡಿ ಕನ್ನಡ’ ಅಂತ ಅನ್ನಿಸಿಕೊಂಡು ಬಂದವರಲ್ವಾ ನಾವು?

ಆ ಖಿಚಡಿಯಲ್ಲೇ ನನ್ನ ಮನೆ ನಡೆಯುತ್ತಿದೆ. ನಾನು ಯಾವ ಪತ್ರಿಕೆಯ ನೌಕರನೂ ಅಲ್ಲ. ಕಲಬುರಗಿ, ಬೀದರ್, ಯಾದಗಿರಿ ತಿರುಗುತ್ತೇನೆ. ಕನ್ನಡ, ಉರ್ದು, ಮರಾಠಿ, ಇಂಗ್ಲಿಷಿಗೆ ಬರೆಯುತ್ತೇನೆ. ಕನ್ನಡದಲ್ಲಿ ಇದಕ್ಕೆ ‘ಹವ್ಯಾಸಿ ಪತ್ರಕರ್ತ’ ಅನ್ನುತ್ತಾರೆ. ಆ ಪದ ನನಗೆ ಸೇರುವುದಿಲ್ಲ. ಹವ್ಯಾಸಕ್ಕೆ ಯಾರು ದುಡ್ಡು ಕೊಡುತ್ತಾರೆ? ಫ್ರೀಲಾನ್ಸ್ ಅಂತಲೇ ಇರಲಿ. ಈ ಕೆಲಸಕ್ಕೆ ಇಳಿಯಬೇಕು ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಭಾಷೆಯ ಲೆಕ್ಕ

ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಬರುವ ಭಾಷೆಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ನಾಲ್ಕು ಕಾಲಂ: ಕೇಳಿದರೆ ಗೊತ್ತಾಗುತ್ತದೆಯೇ, ಮಾತಾಡಲು ಬರುತ್ತದೆಯೇ, ಓದಲು ಬರುತ್ತದೆಯೇ, ಬರೆಯಲು ಬರುತ್ತದೆಯೇ. ಸುಳ್ಳು ಟಿಕ್ ಹಾಕಬೇಡಿ.

ನಮ್ಮ ಕಡೆಯವರ ಹಾಳೆ ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ದಖನಿ, ಅಂದರೆ ನಮ್ಮ ಕಡೆಯ ಉರ್ದು ಮಾತು, ಪೂರಾ ಬರುತ್ತದೆ, ಉರ್ದು ಅಕ್ಷರ ಒಂದೂ ಬರುವುದಿಲ್ಲ. ಶಾಲೆಯಲ್ಲಿ ಹಿಂದಿ ಓದಿದ್ದರಿಂದ ಮರಾಠಿ ಅಕ್ಷರ ಪುಕ್ಕಟೆ ಬಂದಿರುತ್ತದೆ, ಆದರೆ ಬರೆಯಲು ಕೂತರೆ ಎರಡನೇ ಸಾಲಿಗೇ ಹಿಂದಿ ನುಗ್ಗುತ್ತದೆ. ತೆಲುಗು ಲಿಪಿ ನಮ್ಮ ಲಿಪಿಯ ತಮ್ಮ ಇದ್ದ ಹಾಗೆ. ಮನಸ್ಸು ಮಾಡಿದರೆ ಹದಿನೈದು ದಿನದಲ್ಲಿ ಪೇಪರ್ ಓದಬಹುದು. ಉರ್ದು ಲಿಪಿಗೆ ನನಗೆ ನಾಲ್ಕು ತಿಂಗಳು ಹಿಡಿಯಿತು. ದಿನಕ್ಕೆ ಅರ್ಧ ಗಂಟೆ. ದರ್ಗಾ ರಸ್ತೆಯ ಅಂಗಡಿ ಬೋರ್ಡುಗಳೇ ನನ್ನ ಪಾಠಪುಸ್ತಕ.

ಹಾಳೆ ತುಂಬಿದ ಮೇಲೆ ಒಂದೇ ಒಂದು ಭಾಷೆಗೆ ಸುತ್ತು ಹಾಕಿ. ಅದು ನಿಮ್ಮ ಬರೆಯುವ ಭಾಷೆ. ಅದರಲ್ಲಿ ನಿಮ್ಮ ವಾಕ್ಯವನ್ನು ಸಂಪಾದಕರು ಮುಟ್ಟಬಾರದು, ಅಷ್ಟು ಗಟ್ಟಿ ಇರಬೇಕು. ಉಳಿದವು ಕೇಳುವ, ಓದುವ, ನಿಧಾನಕ್ಕೆ ಬರೆಯುವ ಭಾಷೆಗಳು. ನಾಲ್ಕರಲ್ಲೂ ಅರ್ಧಮರ್ಧ ಬರೆಯುವವರನ್ನು ನಾನು ಬಹಳ ನೋಡಿದ್ದೇನೆ. ಅವರಿಗೆ ಅನುವಾದದ ಕೆಲಸವೂ ಸಿಗುವುದಿಲ್ಲ. ಎರಡನೇ ಭಾಷೆಯಲ್ಲಿ ಬರೆದದ್ದನ್ನು ತಿದ್ದಲು ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ಅವರಿಗೆ ದುಡ್ಡು ಕೊಡಿ. ನನ್ನ ಉರ್ದು ಲೇಖನ ತಿದ್ದುವ ನಿವೃತ್ತ ಮಾಸ್ತರರಿಗೆ ಬಂದ ಗೌರವಧನದಲ್ಲಿ ಕಾಲು ಭಾಗ ಕೊಡುತ್ತೇನೆ. ಪುಕ್ಕಟೆ ತಿದ್ದಿಸಿಕೊಂಡರೆ ಮೂರನೇ ಸಲ ಫೋನ್ ಎತ್ತುವುದಿಲ್ಲ.

ಉರ್ದು ಓದುವುದಕ್ಕೆ ಅಷ್ಟು ಯಾಕೆ ಒದ್ದಾಡಬೇಕು ಅಂದರೆ, ನಮ್ಮ ಮೂರೂ ಜಿಲ್ಲೆ 1948ರ ಸೆಪ್ಟೆಂಬರ್ ತನಕ ನಿಜಾಮರ ಆಡಳಿತದಲ್ಲಿದ್ದವು. ಹಳೆ ಜಮೀನು ಕಾಗದ, ಇನಾಮಿನ ಕಾಗದ, ಕೆರೆ ಕಾಲುವೆಯ ಕಾಗದ ಉರ್ದುವಿನಲ್ಲಿವೆ. ಇಸವಿಯನ್ನು ಫಸಲಿಯಲ್ಲಿ, ಅಂದರೆ ನಿಜಾಮರ ಕಂದಾಯದ ವರ್ಷದ ಲೆಕ್ಕದಲ್ಲಿ ಬರೆದಿರುತ್ತಾರೆ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ, ಒಂದು ವರ್ಷ ಆಚೀಚೆ. ಫಸಲಿ 1340 ಅಂದರೆ 1930-31. ಒಂದು ಊರಿನ ಕೆರೆ ಒತ್ತುವರಿ ಬಗ್ಗೆ ಬರೆಯುವಾಗ ಮನೆಯೊಂದರ ಟ್ರಂಕಿನಿಂದ ಇಂಥ ಕಾಗದ ಬಂತು. ಊರವರಿಗೆ ಓದಲು ಬರುತ್ತಿರಲಿಲ್ಲ. ಆ ದಿನ ನಾಲ್ಕು ತಿಂಗಳ ಬೋರ್ಡ್ ಓದಿನ ಸಾಲ ತೀರಿತು.

ಕಥೆ ಹುಡುಕುವುದು, ಅದೂ ಸರಿಯಾದ ತಿಂಗಳಲ್ಲಿ

ಹೊಸಬರು ಮೊದಲು ಬರೆಯುವುದು ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಬೀದರ್ ಕೋಟೆ. ಬರೆಯಿರಿ, ಕೈ ಪಳಗುತ್ತದೆ. ಆದರೆ ಸಂಪಾದಕರ ಹತ್ತಿರ ಅಂಥವು ರಾಶಿ ಬಿದ್ದಿರುತ್ತವೆ.

ನಾನು ಕ್ಯಾಲೆಂಡರ್ ಇಟ್ಟುಕೊಂಡು ಕೆಲಸ ಮಾಡುತ್ತೇನೆ. ಡಿಸೆಂಬರ್, ಜನವರಿ ತೊಗರಿ ರಾಶಿಯ ಕಾಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ, ನೆಟೆ ರೋಗ ಬಂದ ವರ್ಷ ರೈತನ ಮುಖ ನೋಡಲಾಗುವುದಿಲ್ಲ. ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ ಜಾತ್ರೆ. ಹೋಳಿ ಹುಣ್ಣಿಮೆ ಆದ ಮೇಲೆ ಶರಣಬಸವೇಶ್ವರ ಜಾತ್ರೆ. ಬಂದೇ ನವಾಜ್ ಉರುಸು ಚಂದ್ರನ ಲೆಕ್ಕದ್ದು, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ. ಬೇಸಿಗೆಯಲ್ಲಿ ಲಂಬಾಣಿ ತಾಂಡಾಗಳಿಂದ ಗುಳೆ ಹೋಗುವ ಜನ. ಮರಾಠಿಯ ದೀಪಾವಳಿ ವಿಶೇಷಾಂಕಗಳಿಗೆ (ಅವರು ‘ದಿವಾಳಿ ಅಂಕ’ ಅನ್ನುತ್ತಾರೆ) ಬರೆಯಬೇಕಾದರೆ ಜುಲೈನಲ್ಲೇ ಕೇಳಬೇಕು. ಅಕ್ಟೋಬರಿನಲ್ಲಿ ಕೇಳಿದರೆ ನಗುತ್ತಾರೆ. ನಮ್ಮ ಯುಗಾದಿ, ದೀಪಾವಳಿ ವಿಶೇಷಾಂಕಗಳಿಗೂ ಎರಡು ಮೂರು ತಿಂಗಳ ಮುಂಚೆ.

ಆಮೇಲೆ, ಎಲ್ಲರೂ ನೋಡಿದ ಜಾಗಕ್ಕೆ ಹೋಗಿ ಯಾರೂ ಕೇಳದ ಪ್ರಶ್ನೆ ಕೇಳುವುದು. ಸನ್ನತಿ ಹತ್ತಿರ ಕನಗನಹಳ್ಳಿಯಲ್ಲಿ ‘ರಾಯ ಅಸೋಕೊ’ ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿತು, ಅದು ಎಲ್ಲರೂ ಬರೆದದ್ದು. ಅದೇ ಭೀಮಾ ದಂಡೆಯಲ್ಲಿ ಹೊಲ ಮಾಡುವವರಿಗೆ ಆ ಕಲ್ಲುಗಳ ಬಗ್ಗೆ ಏನು ಗೊತ್ತು, ಏನು ಸಿಟ್ಟು, ಏನು ಹೆಮ್ಮೆ? ಮಳಖೇಡ ರಾಷ್ಟ್ರಕೂಟರ ರಾಜಧಾನಿ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ. ಇವತ್ತು ಆ ಊರ ಕೋಟೆಯೊಳಗೆ ದನ ಕಟ್ಟಿಕೊಂಡು ಬದುಕುವವರನ್ನು ಮಾತಾಡಿಸಿದವರು ಎಷ್ಟು ಜನ?

ಒಂದು ಓಡಾಟ, ನಾಲ್ಕು ಲೇಖನ

ಈ ಕಸುಬಿನ ಗುಟ್ಟು ಇಲ್ಲಿದೆ, ಅದಕ್ಕೇ ಸ್ವಲ್ಪ ನಿಲ್ಲುತ್ತೇನೆ.

ಒಂದೇ ಲೇಖನವನ್ನು ನಾಲ್ಕು ಭಾಷೆಗೆ ಅನುವಾದ ಮಾಡಿ ಕಳಿಸಿದರೆ ಆಯಿತು ಅಂತ ಶುರುವಿನಲ್ಲಿ ಅಂದುಕೊಂಡಿದ್ದೆ. ಎರಡು ವಾಪಸ್ ಬಂದವು, ಒಂದಕ್ಕೆ ಉತ್ತರವೇ ಇಲ್ಲ. ಯಾಕೆ ಅಂತ ಬೀದರಿನ ಒಂದು ಬಿದ್ರಿ ಕಾರ್ಖಾನೆಯಲ್ಲಿ ತಿಳಿಯಿತು. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕಸುಬು. ಕಾರ್ಖಾನೆ ಅಂದರೆ ಹತ್ತು ಅಡಿಯ ಕೋಣೆ, ನಾಲ್ಕು ಜನ. ಒಬ್ಬ ಮರಳಿನ ಅಚ್ಚಿಗೆ ಸತು, ಸ್ವಲ್ಪ ತಾಮ್ರ ಕರಗಿಸಿ ಹೊಯ್ಯುತ್ತಾನೆ. ಎರಕ ಆರಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ, ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ, ಚಿತ್ರ ಗೀಚಲು ಅನುಕೂಲ. ಆಮೇಲೆ ಉಳಿಯಿಂದ ಗೀರು. ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್. ಉಜ್ಜಿದಾಗ ಎಲ್ಲಾ ಒಂದೇ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ಗೊತ್ತಾಗುವುದಿಲ್ಲ. ಕೊನೆಗೆ ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಪಾತ್ರೆಯ ಮೇಲೆ ಹಚ್ಚುತ್ತಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಒಳ್ಳೆ ಮಣ್ಣು ಯಾವುದು ಅಂತ ಅಲ್ಲಿದ್ದ ಮುತ್ಯಾ ನಾಲಿಗೆಗೆ ಹಚ್ಚಿಯೇ ಹೇಳುತ್ತಿದ್ದ.

ಈಗ ನೋಡಿ. ಮೈಸೂರಿನ ಕನ್ನಡ ಓದುಗನಿಗೆ ಬೇಕಾದದ್ದು ಆ ಮಣ್ಣು, ಆ ನಾಲಿಗೆ. ಅವನಿಗೆ ಬಿದ್ರಿ ಮಾಡುವ ಬಗೆಯೇ ಹೊಸದು. ಹೈದರಾಬಾದಿನ ಉರ್ದು ಓದುಗನ ಮನೆಯಲ್ಲಿ ಅಜ್ಜನ ಕಾಲದ ಬಿದ್ರಿ ಪಾನ್‌ದಾನ್ ಇರಬಹುದು. ಅವನಿಗೆ ಮಣ್ಣಿನ ಕಥೆ ಹೇಳಿದರೆ ಆಕಳಿಸುತ್ತಾನೆ. ಕಸುಬಿನ ಮನೆತನಗಳು, ಉಸ್ತಾದ್-ಶಾಗಿರ್ದ್ (ಗುರು-ಶಿಷ್ಯ) ಸಂಬಂಧ, ಮರೆತುಹೋಗುತ್ತಿರುವ ಕಸುಬಿನ ಮಾತುಗಳು ಅವನಿಗೆ ಬೇಕು. ಮಹಾರಾಷ್ಟ್ರದ ಉದಗೀರದ ಮರಾಠಿ ಓದುಗನಿಗೆ ಬೀದರ್ ಪರ ಊರಲ್ಲ. 1956ರ ತನಕ ಉದಗೀರ ಬೀದರ್ ಜಿಲ್ಲೆಯಲ್ಲೇ ಇತ್ತು. ಅವನಿಗೆ ಆ ಹಳೆ ನಂಟು, ಜೊತೆಗೆ ಒಂದು ದಿನದಲ್ಲಿ ಬಂದು ಏನೇನು ನೋಡಬಹುದು ಅನ್ನುವುದು. ಇಂಗ್ಲಿಷ್ ಸಂಪಾದಕಿ ಕೇಳಿದ್ದು ಒಂದೇ: ಬೆಳ್ಳಿ ರೇಟು ಏರಿದಾಗ ಈ ನಾಲ್ಕು ಜನ ಏನು ಮಾಡುತ್ತಾರೆ?

ಕೋಣೆ ಒಂದೇ, ನೋಟ್‌ಬುಕ್ ಒಂದೇ. ಪ್ರಶ್ನೆ ನಾಲ್ಕು. ಹಾಗಾಗಿ ಹೊರಡುವ ಮೊದಲೇ ನೋಟ್‌ಬುಕ್ಕಿನ ನಾಲ್ಕು ಪುಟದ ಮೇಲೆ ನಾಲ್ಕು ಓದುಗರ ಊರು ಬರೆದುಕೊಳ್ಳಿ: ಮೈಸೂರು, ಹೈದರಾಬಾದ್, ಉದಗೀರ, ದೆಹಲಿ. ಕಾರ್ಖಾನೆಯಲ್ಲಿ ಕೂತಾಗ ಯಾವ ಪುಟ ಖಾಲಿ ಉಳಿದಿದೆ ನೋಡಿ, ಅದರ ಪ್ರಶ್ನೆ ಕೇಳಿ. ಮನೆಗೆ ಬಂದ ಮೇಲೆ ನೆನಪಾದರೆ ಬಸ್ ಚಾರ್ಜು ಡಬಲ್.

ಪಿಚ್ ಕಳಿಸುವುದು

ಪೂರ್ತಿ ಲೇಖನ ಬರೆದು ಕಳಿಸಿ ಕಾಯಬೇಡಿ. ಮೊದಲು ಏನು ಬರೆಯುತ್ತೇನೆ ಅಂತ ಹತ್ತು ಸಾಲಿನ ಮೇಲ್, ಅದೇ ಪಿಚ್. ನಾನು ಒಮ್ಮೆ ಕಳಿಸಿದ್ದು ಹೀಗಿತ್ತು:

‘ನಮಸ್ಕಾರ. ಬೀದರ್ ಪಕ್ಕದ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದೊಳಗೆ ನೀರಿನ ಸುರಂಗ, ಮೇಲೆ ಅಲ್ಲಲ್ಲಿ ಗಾಳಿಬಾವಿ. ಜನ ಸುರಂಗ ಬಾವಿ ಅನ್ನುತ್ತಾರೆ. ಇದರ ಇತಿಹಾಸ ಸಾಕಷ್ಟು ಬಂದಿದೆ. ನಾನು ಬರೆಯಬೇಕು ಅಂದುಕೊಂಡಿರುವುದು ಗಾಳಿಬಾವಿಯ ಪಕ್ಕ ಮನೆ ಇರುವವರ ಬಗ್ಗೆ. ಮೂವರನ್ನು ಮಾತಾಡಿಸಿದ್ದೇನೆ. 900 ಪದ, 5 ಫೋಟೊ. ಒಪ್ಪಿದರೆ ಹತ್ತು ದಿನದಲ್ಲಿ ಕೊಡುತ್ತೇನೆ. ಗೌರವಧನ ಎಷ್ಟು ಎಂದು ದಯವಿಟ್ಟು ತಿಳಿಸಿ.’

ಕೊನೆಯ ಸಾಲು ಬರೆಯಲು ನಾಚಿಕೆ ಆಗುತ್ತದೆ. ಬರೆಯಿರಿ. ವಾರ ಕಾಯಿರಿ, ಒಮ್ಮೆ ನೆನಪಿಸಿ, ಇನ್ನೊಂದು ವಾರ ಆದ ಮೇಲೆ ಬೇರೆ ಕಡೆ ಕಳಿಸಿ. ಒಂದೇ ಭಾಷೆಯ ಎರಡು ಪತ್ರಿಕೆಗೆ ಒಟ್ಟಿಗೆ ಕಳಿಸಿದರೆ ಒಂದು ದಿನ ಎರಡರಲ್ಲೂ ಅಚ್ಚಾಗುತ್ತದೆ, ಅಲ್ಲಿಗೆ ಎರಡೂ ಬಾಗಿಲು ಬಂದ್. ಬೇರೆ ಭಾಷೆಗೆ ಬೇರೆ ಲೇಖನ ಕೊಡುತ್ತಿದ್ದರೆ ಮೊದಲೇ ಹೇಳಿಬಿಡಿ, ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಫಾಂಟಿನ ತಲೆನೋವು ಮರೆಯಬೇಡಿ. ನೀವು ಯುನಿಕೋಡಿನಲ್ಲಿ ಬರೆಯಿರಿ. ಪತ್ರಿಕೆಯ ಡೆಸ್ಕಿನವರು ನುಡಿ ಫಾಂಟ್ ಕೇಳಿದರೆ ಪರಿವರ್ತಕದಲ್ಲಿ ಹಾಕಿ ಕೊಡಿ, ಆದರೆ ಒತ್ತಕ್ಷರ ಒಮ್ಮೆ ಕಣ್ಣಾಡಿಸಿ. ಉರ್ದು ಪತ್ರಿಕೆಗಳಲ್ಲಿ ಟೈಪಿಂಗಿಗೆ ಇನ್‌ಪೇಜ್ ಇರುತ್ತದೆ. ಪ್ರತಿ ಫೈಲಿನ ಜೊತೆ ಪಿಡಿಎಫ್ ಇಟ್ಟರೆ ಜಗಳ ಇಲ್ಲ.

ಗ್ರಾಮೀಣ ವಿಷಯ ಇದ್ದರೆ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ ‘ಪರಿ’ ಜಾಲತಾಣ ನೋಡಿ. ಒಂದೇ ವರದಿ ಕನ್ನಡ, ಉರ್ದು, ಮರಾಠಿ, ತೆಲುಗು ಹೀಗೆ ಹಲವು ಭಾಷೆಯಲ್ಲಿ ಸಿಗುತ್ತದೆ. ಬರೆಯದಿದ್ದರೂ ಪರವಾಗಿಲ್ಲ, ಒಂದೇ ವರದಿಯನ್ನು ಎರಡು ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿ. ಅದಕ್ಕಿಂತ ಒಳ್ಳೆ ಕ್ಲಾಸ್ ಇಲ್ಲ.

ಕೇಳಿದ್ದನ್ನು ಕೇಳಿದ ಭಾಷೆಯಲ್ಲೇ ಬರೆದುಕೊಳ್ಳಿ

ಇದನ್ನು ಪೆಟ್ಟು ತಿಂದು ಕಲಿತೆ. ಒಂದು ಬಡಾವಣೆಯಲ್ಲಿ ಕುಡಿಯುವ ನೀರಿನ ಪೈಪು ಒಡೆದಿತ್ತು. ಒಬ್ಬ ಚಾಚಾ ‘ಪರಸೋಂ ಫೂಟಾ’ ಅಂದರು. ನಾನು ನೋಟ್‌ಬುಕ್ಕಿನಲ್ಲಿ ನೇರ ಕನ್ನಡ ಮಾಡಿ ‘ಎರಡು ದಿನದ ಹಿಂದೆ ಒಡೆದಿದೆ’ ಅಂತ ಬರೆದುಕೊಂಡೆ. ಹಾಗೇ ಅಚ್ಚಾಯಿತು. ಮರುದಿನ ನೀರಿನ ಕಚೇರಿಯಿಂದ ಫೋನ್: ‘ಎರಡು ದಿನಕ್ಕೇ ಪೇಪರಿಗೆ ಹೋಗ್ತೀರೇನ್ರಿ?’ ವಾಪಸ್ ಹೋಗಿ ಕೇಳಿದರೆ ಪೈಪು ಒಡೆದು ಐದು ತಿಂಗಳಾಗಿತ್ತು. ನಮ್ಮ ದಖನಿಯಲ್ಲಿ ‘ಪರಸೋಂ’ ಅಂದರೆ ಮೊನ್ನೆಯೂ ಹೌದು, ಹೋದ ತಿಂಗಳೂ ಹೌದು, ಹೋದ ವರ್ಷವೂ ಹೌದು. ಹುಟ್ಟಿದಾಗಿನಿಂದ ಕೇಳಿದ ಮಾತು, ಆದರೂ ಬರೆಯುವಾಗ ಶಬ್ದಕೋಶದ ಅರ್ಥ ಕೈಗೆ ಬಂತು. ಐದು ತಿಂಗಳ ಗೋಳು ನನ್ನ ಕೈಯಲ್ಲಿ ಎರಡು ದಿನ ಆಯಿತು.

ಅಂದಿನಿಂದ ಅವರು ಆಡಿದ ಮಾತನ್ನು ಕನ್ನಡ ಅಕ್ಷರದಲ್ಲಿ ಹಾಗೇ ಬರೆದುಕೊಳ್ಳುತ್ತೇನೆ. ಕಾಲ, ಅಳತೆ, ಸಂಬಂಧ ಬಂದಾಗ ತಿರುಗಿ ಕೇಳುತ್ತೇನೆ: ಮಳೆಗಾಲಕ್ಕಿಂತ ಮೊದಲೋ, ಆಮೇಲೋ? ರಂಜಾನ್ ಆಗಿತ್ತೋ? ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ, ಫೋನನ್ನು ಅವರ ಕಣ್ಣಿಗೆ ಕಾಣುವ ಹಾಗೆ ಇಡಿ.

ಕರೆಯುವ ಬಗೆಯೂ ಕೆಲಸ ಮಾಡುತ್ತದೆ. ಹಿರಿಯರಿಗೆ ಮುತ್ಯಾ, ಕಾಕಾ. ಮುಸ್ಲಿಂ ಮನೆಗಳಲ್ಲಿ ಚಾಚಾ, ಖಾಲಾ. ಭಾಲ್ಕಿ, ಆಳಂದ ಕಡೆ ಮಾವಶಿ. ತಾಂಡಾದಲ್ಲಿ ಯಾಡಿ ಅಂದರೆ ಅಜ್ಜಿಯ ಮುಖ ಅರಳುತ್ತದೆ. ‘ಮೇಡಂ’ ಅಂದ ಕೂಡಲೇ ನೀವು ಸರ್ವೆಗೆ ಬಂದವರು. ಎಲ್ಲದರ ಬಾಲಕ್ಕೂ ಒಂದು ‘ರಿ’ ಇರಲಿ.

ತಿರುಗಾಟ

ಕಲಬುರಗಿ, ವಾಡಿ, ಯಾದಗಿರಿ ಒಂದೇ ರೈಲು ಮಾರ್ಗದಲ್ಲಿವೆ. ಬೀದರ್-ಕಲಬುರಗಿ ರೈಲು 2017ರಿಂದ ಹುಮನಾಬಾದ್ ಮೇಲೆ ಓಡುತ್ತಿದೆ. ಉಳಿದದ್ದಕ್ಕೆಲ್ಲ ಕೆಂಪು ಬಸ್ಸು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಪುಕ್ಕಟೆ. ನನ್ನ ಜೊತೆಯ ಒಬ್ಬ ಬರಹಗಾರ್ತಿಗೆ ಇದರಿಂದಲೇ ತಿಂಗಳಿಗೆ ಎರಡು ಓಡಾಟ ಜಾಸ್ತಿಯಾಗಿದೆ. ಹಳ್ಳಿಗೆ ಇಳಿದ ಕೂಡಲೇ ಕಂಡಕ್ಟರನ್ನು ಕೇಳಬೇಕಾದ್ದು ಎರಡು: ಕೊನೆ ಬಸ್ ಎಷ್ಟಕ್ಕೆ, ಅದು ಖಂಡಿತ ಬರುತ್ತದೆಯೇ? ಎರಡನೇ ಪ್ರಶ್ನೆ ಮುಖ್ಯ. ಸುರಪುರ ಕಡೆಯ ಒಂದು ಊರಲ್ಲಿ ಇದನ್ನು ಕೇಳದೆ ಗುಡಿಯ ಕಟ್ಟೆ ಮೇಲೆ ರಾತ್ರಿ ಕಳೆದಿದ್ದೇನೆ. ಊರವರು ರೊಟ್ಟಿ, ಪುಂಡಿಪಲ್ಯ ಕೊಟ್ಟರು, ಕಥೆಯೂ ಸಿಕ್ಕಿತು, ಸೊಳ್ಳೆಯೂ ಕಡಿಯಿತು.

ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವುದು ನಮಗೆ ಮಾಮೂಲು. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಐದರ ಮೇಲೆ, ಅಷ್ಟೇ ಹೊರಗೆ ಕೆಲಸ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತೊಂದರೆ ಇಲ್ಲ. ಟ್ರೈಪಾಡ್, ಡ್ರೋನ್ ಬೇಕಾದರೆ ಮೊದಲೇ ಅನುಮತಿ.

ಮಾಹಿತಿ ಹಕ್ಕಿನ ಅರ್ಜಿಯೂ ಒಂದು ತಿರುಗಾಟವೇ, ಕೂತಲ್ಲೇ ಮಾಡುವುದು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎರಡು ವಿಷಯ ಸೇರಿಸಿದರೆ ತಿರಸ್ಕರಿಸಲು ಅವರಿಗೆ ನೆಪ ಕೊಟ್ಟಂತೆ.

ದುಡ್ಡಿನ ಮಾತು

ಬರೀ ಲೇಖನದಿಂದ ಮೊದಲ ಎರಡು ವರ್ಷ ಮನೆ ನಡೆಯುವುದಿಲ್ಲ. ನನ್ನ ಮೊದಲ ಗೌರವಧನ 400 ರೂಪಾಯಿ, ಹೋಗಿಬಂದ ಖರ್ಚು 310. ಇರುವ ನೌಕರಿ ಬಿಡಬೇಡಿ. ಅನುವಾದ, ಸಬ್‌ಟೈಟಲ್ ಹಿಡಿಯಿರಿ. ನಮ್ಮ ಕಡೆ ಇನ್ನೊಂದು ಕೆಲಸ ಇದೆ. ಹೊರಗಿನ ಪತ್ರಕರ್ತರು, ಸಂಶೋಧಕರು ಬಂದಾಗ ಜೊತೆಗೆ ಹೋಗಿ ಮಾತು ತಿಳಿಸಿ ಹೇಳುವುದು, ಊರು ತೋರಿಸುವುದು. ಫಿಕ್ಸರ್ ಅನ್ನುತ್ತಾರೆ. ದಿನಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ. ವರದಿಯಲ್ಲಿ ಹೆಸರು ಹಾಕುತ್ತಾರೋ ಅದನ್ನೂ ಕೇಳಿ. ‘ಊಟ ನಮ್ಮದು’ ಅನ್ನುವವರ ಜೊತೆ ಎರಡನೇ ದಿನ ಹೋಗಬೇಡಿ.

ಹಕ್ಕಿನ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ನೌಕರಿಯಲ್ಲಿಲ್ಲದೆ ಬರೆದ ಲೇಖನದ ಮೊದಲ ಹಕ್ಕುದಾರರು ಬರೆದವರೇ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ಸಹಿ ಬೇಕು. ಆ ಕಾಗದದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ನಾನು ಪ್ರತಿ ಮೇಲ್‌ನಲ್ಲೂ ‘ಕನ್ನಡದಲ್ಲಿ ಮೊದಲ ಪ್ರಕಟಣೆಗೆ ಮಾತ್ರ’ ಅಂತ ಒಂದು ಸಾಲು ಹಾಕುತ್ತೇನೆ. ನಾಲ್ಕು ಭಾಷೆಗೆ ಬರೆಯುವವರಿಗೆ ಆ ಸಾಲೇ ಅನ್ನ. ಒಂದು ಮಾಸಪತ್ರಿಕೆ ನನ್ನ ಕನ್ನಡ ಲೇಖನವನ್ನು ತನ್ನ ಇನ್ನೊಂದು ಭಾಷೆಯ ಪುಟದಲ್ಲಿ ನನ್ನ ಹೆಸರಿಲ್ಲದೆ ಹಾಕಿತು. ಕೇಳಿದರೆ ‘ಪ್ರಚಾರ ಆಯ್ತಲ್ಲ ಸರ್’ ಅಂದರು. ಆ ಸಾಲು ಅದಕ್ಕೆ ಮುಂಚೆ ಬರೆಯುತ್ತಿರಲಿಲ್ಲ.

ಲೇಖನ ಅಚ್ಚಾದ ದಿನವೇ ಬಿಲ್ ಕಳಿಸಿ: ಲೇಖನದ ಹೆಸರು, ತಾರೀಖು, ಮೊತ್ತ, ಪ್ಯಾನ್, ಬ್ಯಾಂಕ್ ವಿವರ. ಕೆಲವರು 10 ಪರ್ಸೆಂಟ್ ಟಿಡಿಎಸ್, ಅಂದರೆ ಆದಾಯ ತೆರಿಗೆ, ಹಿಡಿದು ಕೊಡುತ್ತಾರೆ. ಆದಾಯ ಕಡಿಮೆ ಇದ್ದರೂ ರಿಟರ್ನ್ ಸಲ್ಲಿಸಿ, ಆ ದುಡ್ಡು ವಾಪಸ್ ಬರುತ್ತದೆ. ಜಿಎಸ್‌ಟಿ ಚಿಂತೆ ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ. ಆ ದಿನ ಬಂದರೆ ನನಗೂ ಮಾಲ್‌ಪುರಿ ಕೊಡಿಸಿ.

ಅಚ್ಚಾದ ಮೇಲೆ

ಪತ್ರಿಕೆಯನ್ನು ಒಯ್ದು ಅವರ ಕೈಗೆ ಕೊಡಿ. ವಾಟ್ಸಾಪ್ ಮಾಡಿದರೆ ಸಾಲದು.

ಬಿದ್ರಿ ಲೇಖನ ಕನ್ನಡದಲ್ಲೂ ಉರ್ದುವಿನಲ್ಲೂ ಬಂದ ಮೇಲೆ ಎರಡನ್ನೂ ಹಿಡಿದು ಬೀದರಿಗೆ ಹೋದೆ. ಉರ್ದುವಿನದನ್ನು ಹೆಮ್ಮೆಯಿಂದ ಉಸ್ತಾದರ ಮುಂದೆ ಇಟ್ಟೆ. ಅವರು ಫೋಟೊ ನೋಡಿ ಮಡಚಿಟ್ಟರು. ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಕನ್ನಡ ಶಾಲೆಗೆ ಹೋಗುವ ಮಗಳನ್ನು ಕರೆದರು. ಅವಳು ಕನ್ನಡದ್ದನ್ನು ಎತ್ತಿಕೊಂಡು ಒಂದೊಂದು ಸಾಲು ಓದಿ ದಖನಿಯಲ್ಲಿ ಹೇಳುತ್ತಾ ಹೋದಳು. ಸುತ್ತಿಗೆಗಳು ನಿಂತವು. ಫೋಟೊದ ಕೆಳಗಿನ ಸಾಲಿಗೆ ಬಂದಾಗ ಉಸ್ತಾದರು ಕೈ ಎತ್ತಿದರು. ‘ನಕ್ಕೊ, ನಕ್ಕೊ. ಯೇ ತಾರ್‌ಕಶಿ ನಹೀಂ.’ ಹೂಜಿಯ ಮೇಲಿನ ಹೂವಿನ ಎಸಳು ತಂತಿಯದಲ್ಲ, ಬೆಳ್ಳಿ ತಗಡಿನದು. ಅದಕ್ಕೆ ತೆಹ್‌ನಿಶಾನ್ ಅನ್ನುತ್ತಾರೆ. ನಾನು ಎಲ್ಲದಕ್ಕೂ ತಾರ್‌ಕಶಿ ಅಂತ ಬರೆದುಬಿಟ್ಟಿದ್ದೆ.

ಮರಾಠಿ ಲೇಖನ ಇನ್ನೂ ಕಳಿಸಿರಲಿಲ್ಲ. ವಾಪಸ್ ಬರುವಾಗ ರೈಲಿನಲ್ಲೇ ತಿದ್ದಿದೆ.